ಜಾಮೀನು ನಿಂತವರು

ಕರಾವಳಿಯಿಂದ, ಆಮೇಲೆ ಬಿಜಾಪುರ–ಗುಲ್ಬರ್ಗದ ಕಡೆಯಿಂದ ಮುಂಬಯಿಗೆ ಬಂದವರ ಕಥೆಯನ್ನು ನಮ್ಮ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಯಕ್ಷಗಾನದ, ನಾಟಕದ, ಕನ್ನಡ ಶಾಲೆಗಳ ಕಥೆಯಾಗಿ ಹೇಳುತ್ತವೆ. ಅದು ಹೇಳಬೇಕಾದ ಕಥೆಯೇ. ಆದರೆ ನಾಟಕದ ತಾಲೀಮು ನಡೆಯುತ್ತಿದ್ದ ಅದೇ ಸಂಘದ ಕಚೇರಿಗಳಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯುತ್ತಿತ್ತು. ಯಾರದೋ ಸಾಲದ ಅರ್ಜಿಗೆ ಇನ್ನಿಬ್ಬರು ಸಹಿ ಹಾಕುತ್ತಿದ್ದರು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇಂದು ಸ್ವಂತ ಸೂರಿನಡಿ ಇರುವ ಎಷ್ಟೋ ಕನ್ನಡ, ತುಳು, ಕೊಂಕಣಿ ಮನೆಗಳ ಹಿಂದೆ ಆ ಎರಡು ಸಹಿಗಳಿವೆ. ಅವು ಜಾಮೀನುದಾರರ ಸಹಿಗಳು. ಅವರ ಹೆಸರು ಯಾವ ಫಲಕದಲ್ಲೂ ಕೆತ್ತಿಲ್ಲ. ಹೀಗಾಗಿ ಅವರನ್ನು ನೆನೆಯುವುದು ಸ್ಮರಣ ಸಂಚಿಕೆಯ ಮೊದಲ ಕರ್ತವ್ಯಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

ಊರಿನಲ್ಲಿ ಕೈಗಡ ಕೇಳಲು ಕಾಗದ ಬೇಕಿರಲಿಲ್ಲ. ಕೇಳುವವನು ಯಾರ ಮಗ, ಮನೆ ಎಲ್ಲಿ, ಹೋದ ಮಳೆಗಾಲ ಒಯ್ದ ಅಕ್ಕಿಯನ್ನು ಹಿಂದಿರುಗಿಸಿದನೋ ಇಲ್ಲವೋ, ಎಲ್ಲವೂ ಕೊಡುವವರಿಗೆ ಗೊತ್ತಿತ್ತು. ಮುಂಬಯಿಯಲ್ಲಿ ಕಾಲಿಟ್ಟ ಗಳಿಗೆಗೇ ಆ ಗುರುತು ಇಲ್ಲವಾಗುತ್ತಿತ್ತು. ಹೋಟೆಲು ಸೇರಿದ ಹುಡುಗ ಅಲ್ಲೇ ಉಂಡು ಅಲ್ಲೇ ಮೇಜು ಜೋಡಿಸಿಕೊಂಡು ಮಲಗುತ್ತಿದ್ದ. ಸಂಬಳ ಧಣಿಯ ಲೆಕ್ಕದಲ್ಲಿ ಉಳಿಯುತ್ತಿತ್ತು. ಅಮ್ಮನಿಗೆ ಕಾಯಿಲೆ ಎಂದು ಊರಿಂದ ಕಾಗದ ಬಂದರೆ ಮುಂಗಡ ಕೇಳಬೇಕು, ಮುಂಗಡ ಪಡೆದರೆ ಅದು ತೀರುವ ತನಕ ಆ ಹೋಟೆಲು ಬಿಡುವಂತಿಲ್ಲ. ಗಿರಣಿ ಸೇರಿದವನಿಗೆ ಸಂಬಳದ ದಿನ ಗೇಟಿನ ಹೊರಗೆ ಸಾಲ ಕೊಟ್ಟ ಪಠಾಣ ಕಾದಿರುತ್ತಿದ್ದ. ನೂರಕ್ಕೆ ತಿಂಗಳಿಗೆ ಐದು ಎಂದರೆ ಕಿವಿಗೆ ಸಣ್ಣದು, ವರ್ಷಕ್ಕೆ ಅದು ಅರವತ್ತು. ಇಂದಿಗೂ ಗಲ್ಲಿಗಳಲ್ಲಿ ಆ ದರ ಸತ್ತಿಲ್ಲ. ಹತ್ತು ಸಾವಿರ ತಂದವರು ಹನ್ನೆರಡು ತಿಂಗಳು ತಪ್ಪದೆ 500 ರೂಪಾಯಿ ಕಟ್ಟಿ, ಒಟ್ಟು 6,000 ತೆತ್ತ ಮೇಲೂ ಅಸಲು ಹತ್ತು ಸಾವಿರ ಹಾಗೆಯೇ ಕೂತಿರುತ್ತದೆ. ಅಸಲು ಕರಗದ ಇಂಥ ಸಾಲವೇ ಎಷ್ಟೋ ಸಂಸಾರಗಳನ್ನು ಮುಳುಗಿಸಿತು.

ಇದಕ್ಕೆ ದಾರಿ ಹುಡುಕಿದವರ ಮೊದಲ ಸಾಲಿನಲ್ಲಿ ಕನ್ನಡ ನೆಲದವರು ಇದ್ದರು. ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷ, 1905ರ ಮೇ ತಿಂಗಳಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ರೈತರ ಸಾಲ ಸಂಘ ನೋಂದಣಿಯಾಯಿತು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ 1860ರ ದಶಕದಲ್ಲಿ ಕಟ್ಟಿದ ಸಾಲ ಸಂಘಗಳ ತತ್ತ್ವವೇ ಇಲ್ಲಿಯದೂ ಆಗಿತ್ತು. ಒಬ್ಬರನ್ನೊಬ್ಬರು ಬಲ್ಲವರು ಒಂದಾಗಬೇಕು, ಒಬ್ಬನ ಸಾಲಕ್ಕೆ ಉಳಿದವರು ಹೊಣೆಯಾಗಬೇಕು. ಆದರೆ ಆ ತತ್ತ್ವ ಹುಟ್ಟಿದ್ದು ಹಳ್ಳಿಗಾಗಿ. ಗುರುತು ಪರಿಚಯವಿಲ್ಲದ ಮಹಾನಗರದಲ್ಲಿ ಅದು ನಿಲ್ಲಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಕೆನರಾದಿಂದ ಮುಂಬಯಿಗೆ ಬಂದಿದ್ದ ಚಿತ್ರಾಪುರ ಸಾರಸ್ವತರು.

1906ರ ಡಿಸೆಂಬರ್ 27ರಂದು ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ನೆನಪಿನಲ್ಲಿ ಒಂದು ಸಾಲ ಸಂಘ ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕಿನ ಮೂಲ ಅದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತು ಮುಂಬಯಿಯ ಕಚೇರಿಗಳಲ್ಲಿ ಗುಮಾಸ್ತರಾಗಿದ್ದ ಜನ ತಿಂಗಳ ಸಂಬಳದಿಂದ ಉಳಿಸಿ ಅದರಲ್ಲಿ ಪಾಲು ಕೊಂಡರು. ತಲ್ಮಕಿ ಅಲ್ಲಿಗೇ ನಿಲ್ಲಲಿಲ್ಲ. ಸಣ್ಣ ಸಂಬಳದ ಸಂಸಾರದಲ್ಲಿ ದೊಡ್ಡ ಖರ್ಚು ಬಾಡಿಗೆ ಎಂಬುದನ್ನು ಕಂಡು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದರು. ದೇಶದಲ್ಲಿ ಸಹಕಾರಿ ವಸತಿಯ ಮಾತು ಬಂದಾಗಲೆಲ್ಲ ಮೊದಲು ನೆನೆಯುವ ಹೆಸರು ಅದು. ಉಳಿತಾಯ, ಸಾಲ, ಸೂರು ಮೂರನ್ನೂ ಒಂದೇ ಸಮಸ್ಯೆಯ ಮೂರು ಮಗ್ಗುಲಾಗಿ ನೋಡಿದ ಅವರ ದೃಷ್ಟಿ ನೂರು ವರ್ಷದ ಮೇಲೂ ನನಗೆ ಹೊಸದಾಗಿ ಕಾಣುತ್ತದೆ. ಇಂದಿನ ಯೋಜನೆಗಳು ಇವುಗಳನ್ನು ಮೂರು ಇಲಾಖೆಗಳಿಗೆ ಹಂಚಿಬಿಟ್ಟಿವೆ.

ಆಮೇಲಿನವು ಸಾಲಾಗಿ ಬಂದವು. ಮಂಗಳೂರು ಮೂಲದ ಕ್ಯಾಥೊಲಿಕರು 1916ರಲ್ಲಿ ಆರಂಭಿಸಿದ ಸಾಲ ಸಂಘ ಮುಂದೆ ಮಾಡೆಲ್ ಕೋ-ಆಪರೇಟಿವ್ ಬ್ಯಾಂಕ್ ಆಯಿತು. 1917ರಲ್ಲಿ ಉತ್ತರ ಕನ್ನಡದ ಗೌಡ ಸಾರಸ್ವತರ ಎನ್‌ಕೆಜಿಎಸ್‌ಬಿ ಬ್ಯಾಂಕ್ ಹುಟ್ಟಿತು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದ ಮೊಗವೀರರು 1946ರಲ್ಲಿ ತಮ್ಮದೇ ಬ್ಯಾಂಕ್ ಆರಂಭಿಸಿದರು. ದೇವಾಡಿಗ ಸಂಘ 1925ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ಬಿಲ್ಲವರ ಅಸೋಸಿಯೇಶನ್‌ನ ಆಶ್ರಯದಲ್ಲಿ 1978ರ ಆಗಸ್ಟ್ 21ರಂದು ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಹುಟ್ಟಿತು. ಜಯ ಸಿ. ಸುವರ್ಣರು ದೀರ್ಘಕಾಲ ನಡೆಸಿದ ಈ ಬ್ಯಾಂಕಿಗೆ ಇಂದು ಮಹಾರಾಷ್ಟ್ರ, ಕರ್ನಾಟಕ, ಗುಜರಾತುಗಳಲ್ಲಿ ನೂರಕ್ಕೂ ಮಿಕ್ಕ ಶಾಖೆಗಳಿವೆ. ಶೇಂದಿ ಇಳಿಸುವ ಮನೆಗಳಿಂದ, ಗೇಣಿ ಒಕ್ಕಲುಗಳ ಮನೆಗಳಿಂದ ಬಂದ ಜನ ಪೈಸೆ ಪೈಸೆ ಕೂಡಿಸಿ ಇಷ್ಟು ದೊಡ್ಡ ಬ್ಯಾಂಕನ್ನು ಎಬ್ಬಿಸಿದರು ಎಂಬುದು ಆ ಸಮುದಾಯಕ್ಕೆ ಮಾತ್ರವಲ್ಲ, ಮುಂಬಯಿಯ ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ.

ಪೈಸೆ ಕೂಡಿಸುವ ಬಗೆಯನ್ನು ನಮ್ಮವರು ಊರಿನಿಂದಲೇ ತಂದರು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಡಾ. ಟಿ.ಎಂ.ಎ. ಪೈಯವರ ಯೋಚನೆಯಂತೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ, ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೇ ಬಂದು ಒಯ್ಯುತ್ತಾನೆ. ಯೋಚನೆ ಸರಳವಾದದ್ದು. ದಿನಗೂಲಿಯವರಿಗೆ ತಿಂಗಳ ಕೊನೆಗೆ ಉಳಿಸು ಎಂದರೆ ಆಗುವುದಿಲ್ಲ. ಸಂಜೆ ಕೈಗೆ ಬಂದ ಹಣದಲ್ಲಿ ಒಂದು ಚೂರನ್ನು ಸಂಜೆಯೇ ತೆಗೆದಿಡಬೇಕು, ಅದನ್ನು ಒಯ್ಯಲು ಯಾರಾದರೂ ಬಂದೇ ಬರಬೇಕು. ಮುಂಬಯಿಯ ಸಹಕಾರಿ ಬ್ಯಾಂಕುಗಳು, ಪತ್‌ಪೇಢಿ ಎನ್ನುವ ಸಾಲ ಸಂಘಗಳು ಇದೇ ದಿನವಹಿ ವಸೂಲಿಯನ್ನು ಹೋಟೆಲ್ ಕೆಲಸಗಾರರಿಗೆ, ಪಾನ್ ಬೀಡಾ ಅಂಗಡಿಯವರಿಗೆ, ತರಕಾರಿ ಮಾರುವ ಹೆಂಗಸರಿಗೆ ಮುಟ್ಟಿಸಿದವು. ಡೊಂಬಿವಲಿ ಸ್ಟೇಷನ್ನಿನ ಎರಡೂ ಬದಿಯ ಅಂಗಡಿ ಸಾಲುಗಳಲ್ಲಿ ರಾತ್ರಿ ಹೊತ್ತು ಸಣ್ಣ ಯಂತ್ರ ಹಿಡಿದು ಸುತ್ತುವ ಪಿಗ್ಮಿಯವರನ್ನು ಇಂದಿಗೂ ಕಾಣಬಹುದು. ಅಂಗಡಿಯವರ ಮನೆಯಲ್ಲಿ ಯಾರಿಗೆ ಮದುವೆ ಗೊತ್ತಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂಬುದು ಶಾಖೆಯ ಮ್ಯಾನೇಜರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಯಾರಿಗೆ ಸಾಲ ಕೊಡಬಹುದು ಎಂದು ಅವರಷ್ಟು ಸರಿಯಾಗಿ ಹೇಳಬಲ್ಲವರು ಬೇರೆ ಇಲ್ಲ.

ರಾತ್ರಿ ಶಾಲೆಗಳನ್ನು ನಾನು ಈ ಚರಿತ್ರೆಯಿಂದ ಹೊರಗಿಡಲಾರೆ. ಮೊಗವೀರ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಿಗೆ ಹಗಲೆಲ್ಲ ಎಂಜಲು ತಟ್ಟೆ ಎತ್ತಿದ ಹುಡುಗರು ಸಂಜೆ ಬಂದು ಕೂರುತ್ತಿದ್ದರು. ಮ್ಯಾಟ್ರಿಕ್ ಮುಗಿಸಿದವನಿಗೆ ಕಚೇರಿ ಕೆಲಸ ಸಿಗುತ್ತಿತ್ತು. ಕಚೇರಿ ಕೆಲಸ ಎಂದರೆ ಭವಿಷ್ಯ ನಿಧಿ, ಸಂಬಳದ ಚೀಟಿ. ಸಂಬಳದ ಚೀಟಿ ಇದ್ದವನು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲಬಲ್ಲ. ರಾತ್ರಿ ಶಾಲೆ ಕೊಟ್ಟದ್ದು ಅಕ್ಷರ ಎಂದು ಎಲ್ಲರೂ ಬರೆದಿದ್ದಾರೆ. ಅದು ಜಾಮೀನುದಾರರ ಒಂದು ಇಡೀ ಪೀಳಿಗೆಯನ್ನೇ ಬೆಳೆಸಿತು ಎಂಬುದನ್ನೂ ಬರೆಯಬೇಕು.

ಆ ಪೀಳಿಗೆಯೇ ಸೆಂಟ್ರಲ್ ಲೈನ್ ಹಿಡಿದು ಥಾಣೆಯಿಂದಾಚೆಗೆ ಮನೆ ಮಾಡಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಸ್ಥಾಪನೆಯಾಗಿ, ಥಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳು ಬೆಳೆದವು. ಕಾರ್ಖಾನೆ ಇದ್ದಲ್ಲಿ ಕ್ಯಾಂಟೀನು ಬೇಕು, ಕ್ಯಾಂಟೀನು ಇದ್ದಲ್ಲಿ ನಮ್ಮವರು ಇದ್ದರು. ಪರೇಲ್, ದಾದರಿನ ಖೋಲಿಗಳಲ್ಲಿ ಹತ್ತು ಹನ್ನೆರಡು ಮಂದಿ ಒಟ್ಟಿಗೆ ಬದುಕುತ್ತಿದ್ದವರಿಗೆ ಮದುವೆಯಾದ ಮೇಲೆ ಹೆಂಡತಿಯನ್ನು ಕರೆತರಲು ಜಾಗ ಬೇಕಿತ್ತು, ಡೊಂಬಿವಲಿಯಲ್ಲಿ ಅದು ಕೈಗೆಟುಕುತ್ತಿತ್ತು. 1970ರಲ್ಲಿ ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೊ ಸ್ಥಾಪನೆಯಾಯಿತು, 1992ರಲ್ಲಿ ಮಾನಖುರ್ದ್‌ನಿಂದ ವಾಶಿಗೆ ಲೋಕಲ್ ಓಡಿತು, ನೆರೂಲ್, ಐರೋಲಿ, ಘನ್ಸೋಲಿಗಳಲ್ಲಿ ಮತ್ತೊಂದು ಕನ್ನಡ ನೆಲೆ ಹಬ್ಬಿತು. ಈ ಊರುಗಳ ಸ್ಥಳೀಯರೂ ಕೈಕಟ್ಟಿ ಕೂತಿರಲಿಲ್ಲ. ಡೊಂಬಿವಲಿ ನಾಗರಿ ಸಹಕಾರಿ ಬ್ಯಾಂಕ್ 1970ರದು, ಥಾಣೆ ಜನತಾ ಮತ್ತು ಕಳ್ವೆಯ ಪಾರ್ಸಿಕ್ ಬ್ಯಾಂಕ್ 1972ರವು, ಕಲ್ಯಾಣ ಜನತಾ 1973ರದು. ಮಧ್ಯಮ ವರ್ಗದ ಮರಾಠಿ ಮಂದಿ ಕಟ್ಟಿದ ಈ ಬ್ಯಾಂಕುಗಳಲ್ಲಿ ಖಾತೆ ತೆರೆದ ಕನ್ನಡಿಗರು ಕಡಿಮೆಯೇನಲ್ಲ. ನೆರೆಯ ಮರಾಠಿ ಗೃಹಸ್ಥರೊಬ್ಬರು ಜಾಮೀನು ನಿಂತದ್ದರಿಂದಲೇ ನಮಗೆ ಮನೆಯಾಯಿತು ಎಂದು ಹೇಳುವ ಹಿರಿಯರು ಇಲ್ಲಿ ಈಗಲೂ ಇದ್ದಾರೆ. ಆ ಋಣವನ್ನು ಕನ್ನಡ ಸಂಚಿಕೆಯಲ್ಲೇ ದಾಖಲಿಸುವುದು ಸರಿ.

ಈ ಸಾಲ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಲ ಬೇಕಾದವರು ಮೊದಲು ಸದಸ್ಯರಾಗಬೇಕು, ಅಂದರೆ ಪಾಲು ಕೊಳ್ಳಬೇಕು. ಆಸ್ತಿಯ ಆಧಾರವಿಲ್ಲದ ಸಾಲಕ್ಕೆ ಸಾಲದ ಮೊತ್ತದ ಶೇಕಡಾ 5ರಷ್ಟು ಪಾಲು ಇರಬೇಕೆಂಬುದು ನಗರ ಸಹಕಾರಿ ಬ್ಯಾಂಕುಗಳ ರೂಢಿ. 20,000 ಸಾಲ ಪಡೆದವರ ಹೆಸರಿನಲ್ಲಿ 1,000 ರೂಪಾಯಿಯ ಪಾಲು ಉಳಿಯುತ್ತದೆ. ಸಾಲ ತೀರಿದ ಮೇಲೂ ಅದು ಅವರದೇ, ಲಾಭ ಬಂದ ವರ್ಷ ಅದಕ್ಕೆ ಡಿವಿಡೆಂಡ್ ಬರುತ್ತದೆ. ಪಠಾಣನ ಬಳಿ ಬರೀ ಸಾಲಗಾರನಾಗಿದ್ದವನು ಇಲ್ಲಿ ಸಾಲಗಾರನೂ ಹೌದು, ಬ್ಯಾಂಕಿನ ಒಬ್ಬ ಒಡೆಯನೂ ಹೌದು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷರನ್ನು ಪ್ರಶ್ನಿಸಬಹುದು, ಹತ್ತು ಪಾಲಿನವರಿಗೂ ಸಾವಿರ ಪಾಲಿನವರಿಗೂ ಒಂದೇ ಮತ. ಇದೆಲ್ಲ ಆದ ಮೇಲೆ ಇಬ್ಬರು ಜಾಮೀನುದಾರರು ಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ಸಾಲ ಪಡೆದವರು ಕಟ್ಟದೆ ಹೋದರೆ ಮಹಾರಾಷ್ಟ್ರ ಸಹಕಾರ ಕಾಯಿದೆಯ 101ನೇ ಕಲಮಿನಡಿ ಮೂವರ ಮೇಲೂ ವಸೂಲಿ ಪತ್ರ ಬರುತ್ತದೆ. ಇಷ್ಟು ಗೊತ್ತಿದ್ದೂ ಜನ ಸಹಿ ಹಾಕಿದರು. ಊರಿನ ಪಕ್ಕದ ಮನೆಯವ, ಒಂದೇ ಹೋಟೆಲಿನಲ್ಲಿ ಮಲಗಿ ಎದ್ದವ, ತನ್ನ ತಂಗಿಯ ಗಂಡನ ದಾಯಾದಿ ಎಂಬ ಒಂದೇ ನಂಬಿಕೆಯ ಮೇಲೆ ತಮ್ಮ ಸಂಬಳವನ್ನು ಪಣಕ್ಕಿಟ್ಟರು. ಸಾಲ ಪಡೆದವರೂ ಬಹುಪಾಲು ಆ ನಂಬಿಕೆ ಉಳಿಸಿದರು. ಕಂತು ತಪ್ಪಿದರೆ ಬ್ಯಾಂಕಿನ ನೋಟಿಸಿಗಿಂತ, ಭಾನುವಾರ ಭಜನೆಗೆ ಹೋದಾಗ ಜಾಮೀನು ನಿಂತ ಅಣ್ಣನ ಮುಖ ನೋಡುವುದು ಹೇಗೆ ಎಂಬ ಅಳುಕೇ ದೊಡ್ಡದಾಗಿತ್ತು.

ಉಳಿತಾಯ, ಸಾಲಗಳಿಂದ ಮೇಲೆ ಬಂದ ಮನೆಯನ್ನು ಕೆಡಹುವುದು ಒಂದೇ ಏಟು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು, ಬಹಳಷ್ಟು ಮಂದಿ ಮತ್ತೆ ಗಿರಣಿಗೆ ಹಿಂತಿರುಗಲೇ ಇಲ್ಲ. 2009ರಲ್ಲಿ ಕಲ್ಯಾಣದ ಬಳಿಯ ಮೋಹನೆಯ ಎನ್‌ಆರ್‌ಸಿ ಕಾರ್ಖಾನೆ ಮುಚ್ಚಿ, ಕಾರ್ಮಿಕರು ತಮ್ಮ ಬಾಕಿಗಾಗಿ ವರ್ಷಗಟ್ಟಲೆ ಕಾದರು. ದುಡಿಯುವ ಗಂಡಸು ತೀರಿಕೊಂಡ ಮನೆಯ ಕಷ್ಟವಂತೂ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಂಕು ಕೆಲಸಕ್ಕೆ ಬರುವುದಿಲ್ಲ, ಸಾಲ ಬೇಕಾದವರಿಗೆ ಸಾಲ ತೀರಿಸುವ ಬಲವೇ ಇರುವುದಿಲ್ಲ. ಆಗ ಬೇಕಾದದ್ದು ಸಹಾಯ. ಈ ಕೆಲಸವನ್ನು ಸಮುದಾಯ ಸಂಘಗಳು ವಹಿಸಿಕೊಂಡವು. ಬಂಟರ ಸಂಘದ ಡೊಂಬಿವಲಿ, ಭಿವಂಡಿ–ಬದ್ಲಾಪುರ, ನವಿ ಮುಂಬಯಿ ಪ್ರಾದೇಶಿಕ ಸಮಿತಿಗಳು ವಿದ್ಯಾರ್ಥಿಗಳಿಗೆ ಶೈಕ್ಷಣಿಕ ನೆರವನ್ನೂ ವಿಧವೆಯರಿಗೆ, ಅಂಗವಿಕಲರಿಗೆ ಸಹಾಯಧನವನ್ನೂ ಹಂಚುವ ಪದ್ಧತಿ ಬೆಳೆಸಿದವು. ಬಿಲ್ಲವರ ಅಸೋಸಿಯೇಶನ್‌ನ ಥಾಣೆ, ಡೊಂಬಿವಲಿ, ನವಿ ಮುಂಬಯಿ ಸ್ಥಳೀಯ ಕಚೇರಿಗಳಲ್ಲಿ ಗುರುಪೂಜೆಯೊಂದಿಗೆ ಮಕ್ಕಳ ಪುಸ್ತಕ, ಶುಲ್ಕದ ನೆರವೂ ಸೇರಿತು. ಶಾಲೆ ಕಟ್ಟಿದ ಸಂಘಗಳೂ ಇವೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಮತ್ತು ಕಾಲೇಜು, ಥಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆಗಳು ಅಂಥವು.

ಈ ನೆರವಿನ ಮೊತ್ತ ದೊಡ್ಡದಲ್ಲ. ಅದನ್ನು ಹಂಚುವ ಸಮಾರಂಭದಲ್ಲಿ ಭಾಷಣವೇ ಹೆಚ್ಚು ಎಂಬ ಗೊಣಗಾಟವನ್ನೂ ಕೇಳಿದ್ದೇನೆ. ಆದರೆ ಜೂನ್ ತಿಂಗಳಲ್ಲಿ, ಶಾಲೆ ತೆರೆಯುವ ವಾರದಲ್ಲಿ, ಕೈಗೆ ಬರುವ ಕೆಲವು ಸಾವಿರ ರೂಪಾಯಿ ಬಡ್ಡಿಯವನ ಬಾಗಿಲಿಗೆ ಹೋಗುವುದನ್ನು ತಪ್ಪಿಸುತ್ತದೆ. ಮೊತ್ತದಷ್ಟೇ ಅದು ಬರುವ ವೇಳೆಯೂ ಮುಖ್ಯ. ಒಂದು ಮಾತನ್ನು ಮಾತ್ರ ಸಂಘದ ಪದಾಧಿಕಾರಿಗಳಲ್ಲಿ ಕೈಮುಗಿದು ಕೇಳಿಕೊಳ್ಳಬೇಕು. ಸಹಾಯ ಪಡೆಯುವ ತಾಯಿಯನ್ನು ವೇದಿಕೆಗೆ ಕರೆದು ಫೋಟೊ ತೆಗೆಸುವುದು ಬೇಡ. ಖಾತೆಗೆ ಹಣ ಹಾಕಿದರೆ ಸಾಕು.

ಹೆಂಗಸರ ಪಾಲನ್ನು ಹೇಳದೆ ಈ ಚರಿತ್ರೆ ಮುಂದೆ ಹೋಗದು. ಪತ್‌ಪೇಢಿಯ ಸದಸ್ಯತ್ವ ಬಹುಕಾಲ ಗಂಡಸರ ಹೆಸರಿನಲ್ಲೇ ಇತ್ತು, ಉಳಿಸುತ್ತಿದ್ದವರು ಮಾತ್ರ ಹೆಂಗಸರು. ಅವರದು ಭಿಶಿ. ಇಪ್ಪತ್ತು ಮಂದಿ ತಿಂಗಳಿಗೆ 500ರಂತೆ ಹಾಕಿದರೆ ಪ್ರತಿ ತಿಂಗಳೂ ಒಬ್ಬರಿಗೆ ಹತ್ತು ಸಾವಿರ. ಚಾಳಿನ ಅಕ್ಕಂದಿರು ಇದರಿಂದಲೇ ಚಿನ್ನದ ಬಳೆ ಮಾಡಿಸಿದರು, ಗ್ಯಾಸ್ ಒಲೆ ತಂದರು, ಮಗನ ಡಿಪ್ಲೊಮಾ ಶುಲ್ಕ ಕಟ್ಟಿದರು. ಆದರೆ ನಡೆಸುವವಳು ಊರು ಬಿಟ್ಟರೆ ಎಲ್ಲವೂ ಹೋಯಿತು, ದೂರು ಕೊಡಲು ಚೀಟಿಯೂ ಇರುವುದಿಲ್ಲ. ಇದಕ್ಕೆ ಲೆಕ್ಕ ಪುಸ್ತಕ ಮತ್ತು ಬ್ಯಾಂಕ್ ಖಾತೆಯ ಭದ್ರತೆ ಕೊಟ್ಟದ್ದು ಸ್ವಸಹಾಯ ಗುಂಪು, ಇಲ್ಲಿಯವರ ಬಾಯಲ್ಲಿ ಬಚತ್ ಗಟ್. ಅದರ ಬೇರೂ ಕರ್ನಾಟಕದಲ್ಲಿದೆ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಸದಸ್ಯರು ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳಾಗಿ ಬಂದು, ಹಣವನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರು. ಆ ಅನುಭವದ ಮೇಲೆ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು, ಅದು ದೇಶವ್ಯಾಪಿಯಾಯಿತು. ಕರಾವಳಿಯಲ್ಲಿ 1982ರಿಂದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮಾಡಿದ ಕೆಲಸ ಇಲ್ಲಿಯವರಿಗೆ ಊರಿನ ಅಕ್ಕತಂಗಿಯರಿಂದ ಗೊತ್ತು. ಮಹಾರಾಷ್ಟ್ರದಲ್ಲಿ 1975ರಲ್ಲಿ ಹುಟ್ಟಿದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ, ಆಮೇಲೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಮಹಾನಗರ ಪಾಲಿಕೆಗಳು ಈ ಗುಂಪುಗಳನ್ನು ಬೆಳೆಸಿದವು. ಇಲ್ಲಿ ಪಹಣಿ ಬೇಡ, ಗಂಡನ ಸಂಬಳದ ಚೀಟಿ ಬೇಡ. ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರು ಒಬ್ಬರಿಗೊಬ್ಬರು ಜಾಮೀನು.

ನಂಬಿಕೆಯ ಈ ಕಟ್ಟಡ ಬಿರುಕು ಬಿಟ್ಟದ್ದೂ ಇದೆ, ಅದನ್ನು ಮುಚ್ಚಿಡುವುದು ತರವಲ್ಲ. 2019ರ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕ್ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆರು ತಿಂಗಳಲ್ಲಿ ಒಬ್ಬ ಠೇವಣಿದಾರ ತೆಗೆಯಬಹುದಾದ ಮೊತ್ತ ಮೊದಲಿಗೆ 1,000 ರೂಪಾಯಿ. ಒಂದೇ ನಿರ್ಮಾಣ ಕಂಪನಿಯ ಸಮೂಹಕ್ಕೆ ಕೊಟ್ಟ ಸಾಲವನ್ನು 21,000ಕ್ಕೂ ಮಿಕ್ಕ ಸುಳ್ಳು ಖಾತೆಗಳ ಹಿಂದೆ ಅಡಗಿಸಿದ್ದು ತನಿಖೆಯಲ್ಲಿ ಹೊರಬಿತ್ತು. 2022ರ ಜನವರಿಯಲ್ಲಿ ಆ ಬ್ಯಾಂಕ್ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿತು. ಮಗಳ ಮದುವೆಗೆ, ನಿವೃತ್ತಿಗೆಂದು ಇಟ್ಟ ಹಣ ಕಣ್ಣೆದುರೇ ಸಿಕ್ಕಿಹಾಕಿಕೊಂಡ ಸಂಸಾರಗಳು ನಮ್ಮ ಬೀದಿಗಳಲ್ಲೂ ಇದ್ದವು. ಆ ನಿರ್ಬಂಧದ ಬೆನ್ನಿಗೇ 2020ರ ಫೆಬ್ರವರಿ 4ರಿಂದ ಠೇವಣಿ ವಿಮೆಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಇದನ್ನು ಓದುವ ಪ್ರತಿ ಮನೆಯೂ ಒಂದು ಸಂಗತಿ ತಿಳಿದಿರಬೇಕು. ಆ ವಿಮೆ ಬ್ಯಾಂಕುಗಳಿಗೆ ಮಾತ್ರ, ಪತ್‌ಪೇಢಿಗಳಿಗೆ, ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ಅಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಎಂದು ಬದುಕಿನ ಉಳಿತಾಯವನ್ನೆಲ್ಲ ಒಂದೇ ಕಡೆ ಇಡುವುದು ಅಪಾಯ. ಸೊಸೈಟಿಯ ನಿರ್ದೇಶಕರು ನಮ್ಮ ಊರಿನವರೇ ಆಗಿದ್ದರೂ ವಾರ್ಷಿಕ ವರದಿಯಲ್ಲಿ ವಸೂಲಾಗದ ಸಾಲ ಎಷ್ಟು, ಲೆಕ್ಕ ಪರಿಶೋಧಕರ ದರ್ಜೆ ಯಾವುದು ಎಂದು ಕೇಳಲು ಸಂಕೋಚಪಡಬಾರದು. ಜಾಮೀನಿನ ವಿಷಯದಲ್ಲೂ ಅಷ್ಟೇ. ದಾಕ್ಷಿಣ್ಯಕ್ಕೆ ಹಾಕಿದ ಸಹಿಯಿಂದ ನಿವೃತ್ತಿಯ ಹಣ ಕಳೆದುಕೊಂಡವರು ಇದ್ದಾರೆ. ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ ಎಂದು ಹೇಳದೆ ಸಹಿ ಹಾಕಿಸಿಕೊಳ್ಳುವುದು ಸ್ನೇಹಕ್ಕೆ ಬಗೆಯುವ ದ್ರೋಹ.

ಇದಕ್ಕಿಂತ ಆಳದ ಬಿರುಕು ಇನ್ನೊಂದಿದೆ. ನಮ್ಮ ಸಂಸ್ಥೆಗಳು ಬಹುಪಾಲು ಜಾತಿಯ ಗೆರೆಯ ಮೇಲೆ ಹುಟ್ಟಿದವು. ಗುರುತು ಇದ್ದದ್ದು ಆ ಗೆರೆಯೊಳಗೆ, ನಂಬಿಕೆಯೂ ಅದರೊಳಗೇ ಬೆಳೆಯಿತು. ಬ್ಯಾಂಕುಗಳು ದೊಡ್ಡವಾದಂತೆ ಎಲ್ಲರಿಗೂ ಬಾಗಿಲು ತೆರೆದವು, ಆದರೆ ಬಾಗಿಲವರೆಗೆ ಕೈಹಿಡಿದು ಕರೆತರುವವರು ಕೆಲವರಿಗೆ ಇದ್ದರು, ಕೆಲವರಿಗೆ ಇರಲಿಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬರಗಾಲಕ್ಕೆ ಗುಳೆ ಬಂದ ಕುಟುಂಬಗಳು ನವಿ ಮುಂಬಯಿಯಲ್ಲಿ, ಕಲ್ಯಾಣದ ಸುತ್ತ ಕಟ್ಟಡದ ಕೆಲಸ ಮಾಡುತ್ತವೆ. ಬೆಳಿಗ್ಗೆ ಕೂಲಿಗೆ ಕಾಯುವ ನಾಕಾದಲ್ಲಿ ಗಂಡ ಹೆಂಡತಿ ಇಬ್ಬರೂ ಬುತ್ತಿ ಹಿಡಿದು ನಿಲ್ಲುತ್ತಾರೆ. ಠೇಕೇದಾರ ಕರೆದರೆ ಕೂಲಿ, ಇಲ್ಲದಿದ್ದರೆ ಮನೆಗೆ. ಅವರ ಮನೆಮಾತು ಕನ್ನಡವೋ ಲಂಬಾಣಿಯೋ ಆಗಿದ್ದರೂ ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಅವರನ್ನು ಹುಡುಕಿದರೂ ಸಿಗುವುದು ಕಷ್ಟ. 1930ರ ದಶಕದ ಹೋಟೆಲ್ ಮಾಣಿ ನಿಂತಿದ್ದ ಜಾಗದಲ್ಲೇ ಅವರು ಇಂದು ನಿಂತಿದ್ದಾರೆ. ಬಡ್ಡಿಯೂ ಅದೇ, ನೂರಕ್ಕೆ ಐದು.

ಅವರಿಗಾಗಿ ಕಾನೂನು ಇಲ್ಲದಿಲ್ಲ. ತುರ್ಭೆಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿಗಳನ್ನು ನೋಡಿ. 1969ರ ಕಾಯಿದೆಯಿಂದ ಹುಟ್ಟಿದ ಮಂಡಳಿ ಅವರ ಕೂಲಿಯನ್ನು ವ್ಯಾಪಾರಿಯಿಂದ ವಸೂಲಿ ಮಾಡಿ ಕೊಡುತ್ತದೆ, ಭವಿಷ್ಯ ನಿಧಿ, ಗ್ರಾಚ್ಯುಟಿಗಳನ್ನೂ ನೋಡಿಕೊಳ್ಳುತ್ತದೆ. ಅವರ ನಾಯಕ ಅಣ್ಣಾಸಾಹೇಬ್ ಪಾಟೀಲರ ಹೋರಾಟದಿಂದ ಬೆನ್ನ ಮೇಲೆ ಮೂಟೆ ಹೊರುವವರಿಗೂ ನಿವೃತ್ತಿಯ ಭದ್ರತೆ ಬಂತು, ಕೋಪರ್‌ಖೈರಣೆ, ಘನ್ಸೋಲಿಗಳಲ್ಲಿ ಮಾಥಾಡಿಗಳ ಮನೆಗಳಾದವು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯಿದೆ ಬಂತು. ಕಟ್ಟಡದ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಕ್ಕಳ ಓದು, ಹೆರಿಗೆ, ಅಪಘಾತ, ಸಾವಿಗೆ ಅಲ್ಲಿಂದ ನೆರವು ಸಿಗಬೇಕು. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಠೇಕೇದಾರನ ಬಳಿ ದುಡಿಯುವ ನಾಕಾ ಕೂಲಿಗೆ ಅದನ್ನು ಕೊಡುವವರು ಯಾರು? 2020ರ ಲಾಕ್‌ಡೌನಿನಲ್ಲಿ ಸಂಘಗಳು ಅಕ್ಕಿ, ಬೇಳೆಯ ಚೀಲ ಹಂಚಿದವು, ಹಲವರ ಒಲೆ ಉರಿಯಿತು. ಅದೇ ವರ್ಷ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗೆ ಜಾಮೀನಿಲ್ಲದೆ ಸಾಲ, ತೀರಿಸಿದವರಿಗೆ ಇನ್ನೂ ದೊಡ್ಡ ಸಾಲ. ಊರಿನ ರೇಷನ್ ಕಾರ್ಡು ಇಲ್ಲಿಯ ಅಂಗಡಿಯಲ್ಲೂ ನಡೆಯುತ್ತದೆ. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ ಜನಧನ ಖಾತೆಯಿಂದಲೇ ಆಗುತ್ತದೆ. ಇವೆಲ್ಲ ಇವೆ. ಆದರೆ ಫಾರ್ಮು ಮರಾಠಿಯಲ್ಲಿ, ಓಟಿಪಿ ಬರುವ ಮೊಬೈಲು ಮಗನ ಹತ್ತಿರ, ಕಚೇರಿ ತೆರೆದಿರುವುದು ಕೂಲಿಯ ಹೊತ್ತಿನಲ್ಲಿ.

ಬಂಟರ ಸಂಘದ ಮಾತೃಭೂಮಿ, ಕುಲಾಲರ ಜ್ಯೋತಿ ಕ್ರೆಡಿಟ್ ಸೊಸೈಟಿಗಳಂಥ ಸಂಸ್ಥೆಗಳನ್ನು ನಡೆಸುವ ನಮ್ಮವರಿಗೆ ಪಾಲು, ಪಾಸ್‌ಬುಕ್, ಪಿಗ್ಮಿ ಯಾವುದೂ ಹೊಸತಲ್ಲ. ಮರಾಠಿಯಲ್ಲಿ ಬರೆಯಬಲ್ಲ, ಕನ್ನಡದಲ್ಲಿ ಕೇಳಬಲ್ಲ ನಿವೃತ್ತ ಗುಮಾಸ್ತರು ಡೊಂಬಿವಲಿಯ ಪ್ರತಿ ಕಟ್ಟಡದಲ್ಲೂ ಇದ್ದಾರೆ. ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು ಅವರು. ವಾರಕ್ಕೊಂದು ಸಂಜೆ ಸಂಘದ ಕಚೇರಿ ತೆರೆದಿಟ್ಟರೆ 90 ದಿನದ ಪ್ರಮಾಣಪತ್ರಕ್ಕೆ ಪಾಲಿಕೆಯ ವಾರ್ಡ್ ಕಚೇರಿಗೆ ಜೊತೆಯಾಗಿ ಹೋಗಲು, ಜನಧನ ಖಾತೆಗೆ ವಿಮೆ ಜೋಡಿಸಲು, ದಿನಕ್ಕೆ ಐವತ್ತು ರೂಪಾಯಿಯ ಪಿಗ್ಮಿ ಆರಂಭಿಸಲು ಸಾಕು. ಆರು ತಿಂಗಳು ಪಿಗ್ಮಿ ತಪ್ಪದೆ ಕಟ್ಟಿದ ಯಾದಗಿರಿಯ ಗೌಂಡಿಯ ಮೊದಲ ಸಾಲಕ್ಕೆ ಇಬ್ಬರು ಜಾಮೀನುದಾರರು ಬೇಕಾಗುತ್ತಾರೆ. ಒಬ್ಬರು ಅವನ ನಾಕಾದ ಜೊತೆಗಾರ ಆಗಬಹುದು, ಇನ್ನೊಬ್ಬರು ನಮ್ಮ ಸಂಘದವರಾಗಬೇಕು.